ಅಂಗವಿಕಲ ಮೀಸಲಾತಿಯಲ್ಲಿ ಸರಕಾರಿ ಕೆಲಸ: ಕಾಸರಗೋಡಿನ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡು, ಮಂಜೇಶ್ವರ ಕಡೆಯಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಪಿಎಸ್‌ಸಿ ಪರೀಕ್ಷೆ ಚೆನ್ನಾಗಿಯೇ ಬರೆದಿದ್ದೆ, ಅಂಗವಿಕಲರ ಲಿಸ್ಟಿನಲ್ಲಿ ಹೆಸರೇ ಇಲ್ಲ, ಯಾಕೆ?" ಪಿಎಸ್‌ಸಿ ಎಂದರೆ ಕೇರಳದ ಸರಕಾರಿ ಹುದ್ದೆಗಳಿಗೆ ಪರೀಕ್ಷೆ ನಡೆಸುವ ಲೋಕಸೇವಾ ಆಯೋಗ. ಕಾಗದಗಳನ್ನು ತೆರೆದು ನೋಡಿದರೆ ಎಡವಟ್ಟು ಪರೀಕ್ಷೆಗಿಂತ ಎಷ್ಟೋ ಮೊದಲೇ ಆಗಿರುತ್ತದೆ. ಸರ್ಟಿಫಿಕೇಟಿನ ಅವಧಿ ಮುಗಿದಿರುತ್ತದೆ. ಪಿಎಸ್‌ಸಿ ಪೋರ್ಟಲಿನ ಅವರ ಪ್ರೊಫೈಲಿನಲ್ಲಿ ಅಂಗವಿಕಲತೆಯ ಕಾಲಂ ಖಾಲಿ ಇರುತ್ತದೆ. ಇಲ್ಲವೇ ಆ ಹುದ್ದೆ ಅವರ ಬಗೆಯ ಅಂಗವಿಕಲತೆಗೆ ಗುರುತಿಸಿದ್ದೇ ಆಗಿರುವುದಿಲ್ಲ.

ಇಲ್ಲಿ ಓದುವ ಸಿಲೆಬಸ್ ಬಗ್ಗೆ ಏನೂ ಹೇಳಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದಷ್ಟೇ ಇದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಒಂದರ ಕಾಗದ ಇನ್ನೊಂದಕ್ಕೆ ಬೇಕಾಗುತ್ತದೆ.

ಮೊದಲು ನೋಡಿಕೊಳ್ಳಿ: ಈ ಮೀಸಲಾತಿ ನಿಮಗೆ ಸಿಗುತ್ತದಾ?

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವಿಕಲತೆಗಳನ್ನು ಒಪ್ಪುತ್ತದೆ. ಆದರೆ ಕೆಲಸದ ಮೀಸಲಾತಿಗೆ ಕನಿಷ್ಠ 40 ಶೇಕಡ ಅಂಗವಿಕಲತೆ ಇರಬೇಕು. 39 ಇದ್ದರೂ ಇಲ್ಲ.

ಸರಕಾರಿ ಹುದ್ದೆಗಳಲ್ಲಿ ಕನಿಷ್ಠ 4 ಶೇಕಡ ಮೀಸಲು. ಕುರುಡು ಮತ್ತು ಮಂದದೃಷ್ಟಿಗೆ 1. ಕಿವುಡು ಮತ್ತು ಮಂದಶ್ರವಣಕ್ಕೆ 1. ಕೈಕಾಲಿನ ತೊಂದರೆಗೆ 1. ಇದರಲ್ಲಿ ಸೆರೆಬ್ರಲ್ ಪಾಲ್ಸಿ, ಕುಷ್ಠ ವಾಸಿಯಾದವರು, ಕುಬ್ಜತೆ, ಆಸಿಡ್ ದಾಳಿಗೆ ಒಳಗಾದವರು, ಮಸ್ಕ್ಯುಲರ್ ಡಿಸ್ಟ್ರೊಫಿ ಎಲ್ಲ ಸೇರುತ್ತವೆ. ಆಟಿಸಂ, ಬುದ್ಧಿಮಾಂದ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಮತ್ತು ಒಂದಕ್ಕಿಂತ ಜಾಸ್ತಿ ಅಂಗವಿಕಲತೆ ಇರುವವರಿಗೆ ಒಟ್ಟಾಗಿ ಉಳಿದ 1.

ಇಲ್ಲೇ ತುಂಬ ಜನ ಮೋಸ ಹೋಗುತ್ತಾರೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಸಾಮಾನ್ಯವಾಗಿ 30 ಶೇಕಡವೇ ಬರುವುದು. ಕಿವಿಯ ವಿಷಯದಲ್ಲಿ ಕಾಯಿದೆ ಎರಡೂ ಕಿವಿಗಳನ್ನು ನೋಡುತ್ತದೆ. ಎರಡರಲ್ಲೂ 60ರಿಂದ 70 ಡೆಸಿಬೆಲ್ ನಷ್ಟ ಇದ್ದರೆ ಮಂದಶ್ರವಣ, 70 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಕಿವುಡು. ಒಂದೇ ಕಿವಿ ಕೇಳದವರು ವರ್ಷಗಟ್ಟಲೆ ಈ ಮೀಸಲಾತಿ ನಂಬಿಕೊಂಡು ಕೂರಬೇಡಿ. ಸಾಮಾನ್ಯ ಪಟ್ಟಿಗೇ ತಯಾರಿ ಮಾಡಿ.

ನಮ್ಮ ಜಿಲ್ಲೆಗೆ ಮಾತ್ರ ಹೇಳಬೇಕಾದ ಮಾತು ಇನ್ನೊಂದಿದೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ, ಪಿಂಚಣಿ ಬರುತ್ತಿದೆ ಎಂದರೆ ಅಂಗವಿಕಲತೆಯ ಸರ್ಟಿಫಿಕೇಟ್ ಇದ್ದ ಹಾಗೆ ಆಗುವುದಿಲ್ಲ. ಅದು ಪರಿಹಾರದ ಪಟ್ಟಿ. ಎಣ್ಮಕಜೆ, ಬೆಳ್ಳೂರು ಕಡೆಯ ಮನೆಗಳಲ್ಲಿ ಈ ಎರಡನ್ನೂ ಒಂದೇ ಎಂದು ತಿಳಿದವರು ಈಗಲೂ ಇದ್ದಾರೆ. ಕೆಲಸದ ಅರ್ಜಿಗೆ ಶೇಕಡ ಬರೆದ ಸರ್ಟಿಫಿಕೇಟೇ ಬೇಕು.

ಆದಾಯದ ಮಿತಿ? ಅಂಗವಿಕಲ ಮೀಸಲಾತಿಗೆ ಅದಿಲ್ಲ. ಅಪ್ಪನಿಗೆ ತೋಟ ಇದೆ, ಅಣ್ಣ ಗಲ್ಫಿನಲ್ಲಿದ್ದಾನೆ ಎಂದು ಹಿಂಜರಿಯಬೇಡಿ.

ಕೈಯಲ್ಲಿ ಇರಬೇಕಾದವು

ಎಸ್‌ಎಸ್‌ಎಲ್‌ಸಿ ಪುಸ್ತಕ, ಆಧಾರ್, ರೇಷನ್ ಕಾರ್ಡ್, ಇತ್ತೀಚಿನ ಫೋಟೊ, ಹಳೆಯ ಆಸ್ಪತ್ರೆ ಕಾಗದಗಳೆಲ್ಲ. ಜಾತಿ ಮೀಸಲಾತಿಯೂ ಇದ್ದರೆ ಅದರ ಸರ್ಟಿಫಿಕೇಟ್. ನಿಮ್ಮದೇ ಹೆಸರಿನ ಮೊಬೈಲ್ ನಂಬರ್, ನಿಮ್ಮದೇ ಈಮೇಲ್.

ಮೊಬೈಲ್ ನಂಬರಿನ ಮಾತು ಸಣ್ಣದು ಎನಿಸಬಹುದು. ಆದರೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸುವಾಗ ಅವಸರಕ್ಕೆ ಅಲ್ಲಿನವರ ನಂಬರನ್ನೋ ಪಕ್ಕದ ಮನೆ ಹುಡುಗನ ನಂಬರನ್ನೋ ಕೊಟ್ಟುಬಿಡುತ್ತಾರೆ. ಎರಡು ವರ್ಷ ಕಳೆದ ಮೇಲೆ ಒಟಿಪಿ ಬರುವಾಗ ಆ ಹುಡುಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾನೆ. ಯೂಸರ್ ಐಡಿ ಮತ್ತು ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯಲ್ಲೇ ಇಡಿ.

ಹಂತ 1: ಎಲ್ಲ ಕಾಗದದಲ್ಲೂ ಹೆಸರು ಒಂದೇ ಮಾಡಿಕೊಳ್ಳಿ

ಗಡಿ ಜಿಲ್ಲೆಯ ದೊಡ್ಡ ತಲೆನೋವು ಇದೇ. ಶಾಲೆಯಲ್ಲಿ ಕನ್ನಡದಲ್ಲಿ ಬರೆದ ಹೆಸರು ಪಂಚಾಯತಿನಲ್ಲಿ ಮಲಯಾಳಕ್ಕೆ ಹೋಗುತ್ತದೆ, ಅಲ್ಲಿಂದ ಇಂಗ್ಲಿಷಿಗೆ ಬರುತ್ತದೆ. ಸುಧಾಕರ ಎಂಬಾತ ಒಂದು ಕಡೆ ಸುಧಾಕರನ್ ಆಗುತ್ತಾನೆ. ಐತಪ್ಪ ನಾಯ್ಕರ ಇನಿಶಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ.

ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇರುವ ಹೆಸರು ಮತ್ತು ಹುಟ್ಟಿದ ದಿನವನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಆಧಾರ್ ಬೇರೆ ಇದ್ದರೆ ಆಧಾರನ್ನು ತಿದ್ದಿಸಿ. ಎಸ್‌ಎಸ್‌ಎಲ್‌ಸಿಯನ್ನು ತಿದ್ದಿಸಲು ಹೋದರೆ ತಿಂಗಳುಗಟ್ಟಲೆ ಅಲೆದಾಟ. ಇದು ಮುಗಿಯದೆ ಮೆಡಿಕಲ್ ಬೋರ್ಡಿಗೆ, ಅಂದರೆ ಅಂಗವಿಕಲತೆಯ ಶೇಕಡ ನಿರ್ಧರಿಸುವ ಡಾಕ್ಟರುಗಳ ತಂಡದ ಮುಂದೆ, ಹೋಗಬೇಡಿ. ಆಧಾರಿನ ತಪ್ಪು ಹೆಸರೇ ಅಂಗವಿಕಲತೆಯ ಕಾರ್ಡಿಗೂ ಇಳಿಯುತ್ತದೆ. ಆಮೇಲೆ ಎರಡನ್ನೂ ತಿದ್ದಿಸಬೇಕು.

ಹಂತ 2: ಸರ್ಟಿಫಿಕೇಟ್ ಮತ್ತು ಯುಡಿಐಡಿ ಕಾರ್ಡ್

ಯುಡಿಐಡಿ ಎಂದರೆ ಅಂಗವಿಕಲರಿಗೆ ಕೊಡುವ ಗುರುತಿನ ಕಾರ್ಡ್. ಕೇಂದ್ರ ಸರಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. 2021ರ ಜೂನ್ 1ರಿಂದ ಅಂಗವಿಕಲತೆಯ ಸರ್ಟಿಫಿಕೇಟನ್ನು ಈ ಪೋರ್ಟಲ್ ಮೂಲಕವೇ ಕೊಡಬೇಕು. ಸ್ವಂತ ಹಾಕಲು ಆಗದಿದ್ದರೆ ಅಕ್ಷಯ ಕೇಂದ್ರಕ್ಕೆ ಹೋಗಿ. ಅರ್ಜಿಯ ನಂಬರು ಇರುವ ಪ್ರಿಂಟ್ ತೆಗೆದುಕೊಳ್ಳದೆ ಅಲ್ಲಿಂದ ಏಳಬೇಡಿ.

ಅರ್ಜಿಯಲ್ಲಿ ಆಸ್ಪತ್ರೆ ಆರಿಸುವಾಗ ನೋಡಿ ಆರಿಸಿ. ಕಾಸರಗೋಡಿನ ಜನರಲ್ ಆಸ್ಪತ್ರೆಯೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯೋ, ಬೋರ್ಡ್ ಯಾವ ದಿನ ಕೂರುತ್ತದೆ, ನಿಮ್ಮ ತೊಂದರೆಯ ತಜ್ಞ ಡಾಕ್ಟರು ಅಂದು ಇರುತ್ತಾರಾ, ಇಷ್ಟನ್ನೂ ಮೊದಲೇ ಫೋನ್ ಮಾಡಿ ಕೇಳಿ. ಗಾಲಿಕುರ್ಚಿಯಲ್ಲಿ ಇರುವವರನ್ನು ಪೈವಳಿಕೆಯಿಂದ ಜೀಪು ಮಾಡಿ ಕರೆದುಕೊಂಡು ಹೋಗಿ, ಇವತ್ತು ಎಲುಬಿನ ಡಾಕ್ಟರು ರಜೆ ಎಂದು ವಾಪಸ್ ಬರುವುದು ಯಾರಿಗೆ ಬೇಕು?

ನಮ್ಮವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಆಗಿರುವುದು ಮಂಗಳೂರಿನಲ್ಲಿ. ಅಲ್ಲಿನ ಖಾಸಗಿ ಆಸ್ಪತ್ರೆ ಬರೆದುಕೊಟ್ಟ ಪತ್ರ ಎಷ್ಟೇ ವಿವರವಾಗಿದ್ದರೂ ಸರ್ಟಿಫಿಕೇಟ್ ಆಗುವುದಿಲ್ಲ. ಆದರೆ ಅದನ್ನು ಬಿಟ್ಟು ಹೋಗಬೇಡಿ. ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ, ಕಿವಿಯ ಆಡಿಯೊಗ್ರಾಂ, ಬುದ್ಧಿಮತ್ತೆಯ ಪರೀಕ್ಷೆಯ ವರದಿ, ಎಲ್ಲವನ್ನೂ ಹಳೆಯದರಿಂದ ಹೊಸದಕ್ಕೆ ಜೋಡಿಸಿ ಒಂದು ಫೈಲ್ ಮಾಡಿ. ಡಾಕ್ಟರಿಗೆ ಮಲಯಾಳದಲ್ಲೇ ಹೇಳಬೇಕಾಗಿ ಬಂದರೆ ನಿಮಗೆ ಅಷ್ಟು ಮಲಯಾಳ ಬರುತ್ತದಾ ಎಂದು ಯೋಚಿಸಿ. ತುಳು ಮತ್ತು ಕನ್ನಡ ಮಾತ್ರ ಬರುವ ಹಿರಿಯರು ಜೊತೆಗೆ ಹೋದರೆ ಅರ್ಧ ವಿಷಯ ಹೇಳದೆಯೇ ಉಳಿಯುತ್ತದೆ. ಮಲಯಾಳ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ.

ಡಾಕ್ಟರು ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿ. "ಮೆಟ್ಟಿಲು ಹತ್ತುತ್ತೀಯಾ?" ಎಂದರೆ ಮರ್ಯಾದೆಗೆ "ಹತ್ತುತ್ತೇನೆ" ಎನ್ನುವವರಿದ್ದಾರೆ. ಕಂಬಿ ಹಿಡಿದು, ಎರಡು ಸಲ ನಿಂತು ಹತ್ತುವುದಾದರೆ ಹಾಗೆಯೇ ಹೇಳಿ. ಜಾಸ್ತಿ ಮಾಡಿಯೂ ಹೇಳಬೇಡಿ. ಸುಳ್ಳು ಹೇಳಿ ಅಂಗವಿಕಲರ ಸೌಲಭ್ಯ ಪಡೆದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು.

2024ರ ತಿದ್ದುಪಡಿ ನಿಯಮದ ಪ್ರಕಾರ ಕಾರ್ಡಿಗೆ ಮೂರು ಬಣ್ಣ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಕಾರ್ಡ್ ಬಂದರೆ ಕೆಲಸದ ಮೀಸಲಾತಿ ಇಲ್ಲ. ಶೇಕಡ ತಪ್ಪಾಗಿದೆ ಎನಿಸಿದರೆ ಕಾಯಿದೆಯ 59ನೇ ಸೆಕ್ಷನ್ ಪ್ರಕಾರ ಅಪೀಲು ಹಾಕುವ ಹಕ್ಕಿದೆ. ಅಪೀಲಿಗೆ ಗಡುವು ಇರುತ್ತದೆ. ಕಾರ್ಡ್ ಕೈಗೆ ಬಂದ ವಾರವೇ ಆಸ್ಪತ್ರೆಯಲ್ಲಿ ವಿಚಾರಿಸಿ.

*ಎಚ್ಚರಿಕೆಯ ಗುರುತು:* ಸರ್ಟಿಫಿಕೇಟಿನಲ್ಲಿ "ತಾತ್ಕಾಲಿಕ" ಎಂದಿದೆಯಾ ನೋಡಿ. ಇದ್ದರೆ ಅದಕ್ಕೆ ಮುಗಿಯುವ ದಿನ ಇರುತ್ತದೆ. ಆ ದಿನಕ್ಕೆ ಕೆಲವು ತಿಂಗಳು ಮೊದಲೇ ಮತ್ತೆ ಬೋರ್ಡಿಗೆ ಹೋಗಬೇಕು. ಹಳೆಯ ಕೈಬರಹದ ಸರ್ಟಿಫಿಕೇಟ್ ಇಟ್ಟುಕೊಂಡವರು ಅದನ್ನು ಪೋರ್ಟಲಿಗೆ ಸೇರಿಸಿ ಯುಡಿಐಡಿ ಮಾಡಿಸಿಕೊಳ್ಳಿ.

ಇಲ್ಲಿ ಸಿಕ್ಕ ಸರ್ಟಿಫಿಕೇಟ್ ಇಡೀ ದೇಶಕ್ಕೆ ಸಲ್ಲುತ್ತದೆ. ಕಾಯಿದೆಯ 58ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಮಂಗಳೂರಿನ ಕೇಂದ್ರ ಸರಕಾರಿ ಕಚೇರಿಯ ಕೆಲಸಕ್ಕೆ ಕರ್ನಾಟಕದ ಸರ್ಟಿಫಿಕೇಟೇ ಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 3: ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್

"ಅದರಲ್ಲಿ ಈಗ ಯಾರಿಗೆ ಕೆಲಸ ಸಿಗುತ್ತದೆ?" ಎಂದು ಬಿಟ್ಟುಬಿಡುವವರೇ ಹೆಚ್ಚು. ಅಂಗವಿಕಲರ ಮಟ್ಟಿಗೆ ಅದು ತಪ್ಪು ಲೆಕ್ಕ.

ಕೇರಳದಲ್ಲಿ ಸರಕಾರಿ ಕಚೇರಿಗಳ ತಾತ್ಕಾಲಿಕ ಹುದ್ದೆಗಳಿಗೆ ಹೆಸರು ಹೋಗುವುದು ಇಲ್ಲಿಂದ. ಎಯ್ಡೆಡ್ ಶಾಲೆಗಳ ವಿಷಯ ಇನ್ನೂ ಮುಖ್ಯ. ಸರಕಾರ ಸಂಬಳ ಕೊಡುವ ಈ ಶಾಲೆಗಳಲ್ಲೂ ಅಂಗವಿಕಲ ಮೀಸಲಾತಿ ಇದೆ. 1996ರ ಫೆಬ್ರವರಿ 7ರಿಂದ 2017ರ ಏಪ್ರಿಲ್ 18ರ ತನಕದ ನೇಮಕಗಳಿಗೆ 3 ಶೇಕಡ, ಅಲ್ಲಿಂದ ಈಚೆಗೆ 4 ಶೇಕಡ. ಹಿಂದೆ ತುಂಬದೆ ಬಿಟ್ಟ ಹುದ್ದೆಗಳೂ ಲೆಕ್ಕಕ್ಕೆ ಬಂದವು. ಕುಂಬಳೆ, ಬದಿಯಡ್ಕ, ಮಂಜೇಶ್ವರ ಸುತ್ತ ಕನ್ನಡ ಮಾಧ್ಯಮದ ಎಯ್ಡೆಡ್ ಶಾಲೆಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಟೀಚರ್ ತರಬೇತಿ ಮತ್ತು ಕೆ-ಟೆಟ್ (ಕೇರಳದ ಟೀಚರ್ ಅರ್ಹತಾ ಪರೀಕ್ಷೆ) ಮುಗಿಸಿದ ಕನ್ನಡ ಮಾಧ್ಯಮದ ಅಂಗವಿಕಲ ಅಭ್ಯರ್ಥಿಗೆ ಪೈಪೋಟಿ ಕಡಿಮೆ.

ನೋಂದಣಿಯಲ್ಲಿ ಮೂರು ವಿಷಯ ನೋಡಿ. ಅಂಗವಿಕಲತೆ ದಾಖಲಾಗಿದೆಯಾ? ಹೊಸ ವಿದ್ಯಾರ್ಹತೆ ಸೇರಿಸಿದ್ದೀರಾ? ಮೂರು ವರ್ಷಕ್ಕೊಮ್ಮೆ ರಿನ್ಯೂ ಆಗಿದೆಯಾ? ರಿನ್ಯೂ ತಪ್ಪಿದರೆ ಸೀನಿಯಾರಿಟಿ ಹೋಗುತ್ತದೆ. ಹತ್ತು ವರ್ಷದ ಸೀನಿಯಾರಿಟಿಯನ್ನು ಒಂದು ತಾರೀಕು ಮರೆತು ಕಳೆದುಕೊಳ್ಳಬೇಡಿ.

ಹಂತ 4: ಹುದ್ದೆ ಆರಿಸುವುದು

ತಾಳ್ಮೆ ಬೇಕಾದ ಹಂತ ಇದು. ಕಂಡ ನೋಟಿಫಿಕೇಶನಿಗೆಲ್ಲ ಅರ್ಜಿ ಹಾಕುವುದರಲ್ಲಿ ಅರ್ಥವಿಲ್ಲ.

ಎಲ್ಲ ಹುದ್ದೆಯೂ ಎಲ್ಲ ಬಗೆಯ ಅಂಗವಿಕಲತೆಗೆ ಗುರುತಿಸಿದ್ದಲ್ಲ. ಕೇಂದ್ರ ಸರಕಾರ 2021ರ ಜನವರಿ 4ರಂದು 3,566 ಹುದ್ದೆಗಳ ಪಟ್ಟಿ ಹೊರಡಿಸಿತು. ಯಾವ ಹುದ್ದೆಗೆ ಯಾರು ಆಗುತ್ತಾರೆ ಎಂಬುದನ್ನು ಅದರಲ್ಲಿ ಚಿಕ್ಕ ಅಕ್ಷರಗಳಲ್ಲಿ ಕೊಡುತ್ತಾರೆ. ಓಎಲ್ ಎಂದರೆ ಒಂದು ಕಾಲಿಗೆ ತೊಂದರೆ, ಬಿಎಲ್ ಎಂದರೆ ಎರಡೂ ಕಾಲಿಗೆ, ಓಎ ಎಂದರೆ ಒಂದು ಕೈಗೆ. ಎಲ್‌ವಿ ಮಂದದೃಷ್ಟಿ, ಎಚ್‌ಎಚ್ ಮಂದಶ್ರವಣ. ಅದರ ಪಕ್ಕದಲ್ಲಿ ಕೆಲಸಕ್ಕೆ ಏನು ಆಗಬೇಕು ಎಂದೂ ಇರುತ್ತದೆ. ಎಸ್ ಎಂದರೆ ಕೂರುವುದು, ಎಸ್‌ಟಿ ನಿಲ್ಲುವುದು, ಡಬ್ಲ್ಯೂ ನಡೆಯುವುದು, ಎಂಎಫ್ ಬೆರಳಿನ ಕೆಲಸ, ಆರ್‌ಡಬ್ಲ್ಯೂ ಓದುಬರಹ. ಎಸ್‌ಟಿ ಕಂಡು ಪರಿಶಿಷ್ಟ ಪಂಗಡಕ್ಕೆ ಮೀಸಲು ಎಂದುಕೊಳ್ಳುವುದು ತುಂಬ ಸಾಮಾನ್ಯ. ಎರಡೂ ಕಾಲಂ ನಿಮಗೆ ಹೊಂದಬೇಕು. ರಾಜ್ಯದ ಹುದ್ದೆಗಳಿಗೆ ಕೇರಳ ಸರಕಾರದ್ದೇ ಬೇರೆ ಪಟ್ಟಿ ಇದೆ. ಪಿಎಸ್‌ಸಿ ನೋಟಿಫಿಕೇಶನಿನಲ್ಲಿ ಅಂಗವಿಕಲರ ಬಗ್ಗೆ ಬರೆದ ಟಿಪ್ಪಣಿಯನ್ನು ಕೊನೆಯ ಸಾಲಿನ ತನಕ ಓದಿ. "ಈ ಹುದ್ದೆಗೆ ಅಂಗವಿಕಲರು ಅರ್ಹರಲ್ಲ" ಎಂಬ ಸಾಲು ಕೆಲವು ಸಲ ಅಲ್ಲೆಲ್ಲೋ ಇರುತ್ತದೆ.

ಎರಡನೆಯದು ಖಾಲಿ ಹುದ್ದೆಗಳ ಸಂಖ್ಯೆ. 100 ನೇಮಕಕ್ಕೆ ನಾಲ್ಕು. ನಿಮ್ಮ ಗುಂಪಿಗೆ ಬರುವುದು ಅದರಲ್ಲಿ ಒಂದು. ಹಾಗಾಗಿ ಜಿಲ್ಲೆಗೆ ಎರಡೋ ಮೂರೋ ಹುದ್ದೆ ಇರುವ ಪರೀಕ್ಷೆಗಿಂತ ನೇಮಕ ಜಾಸ್ತಿ ನಡೆಯುವ ಎಲ್‌ಡಿ ಕ್ಲರ್ಕ್ (ಕೆಳದರ್ಜೆಯ ಗುಮಾಸ್ತ), ಲಾಸ್ಟ್ ಗ್ರೇಡ್ (ಕಚೇರಿ ಸಹಾಯಕರಂಥ ಕೊನೆಯ ದರ್ಜೆಯ ಹುದ್ದೆ) ಪರೀಕ್ಷೆಗಳ ಮೇಲೆ ಗಮನ ಇಡುವುದು ಜಾಣತನ. ಎಲ್‌ಡಿ ಕ್ಲರ್ಕಿಗೆ ಎಸ್‌ಎಸ್‌ಎಲ್‌ಸಿ ಸಾಕು. ಲಾಸ್ಟ್ ಗ್ರೇಡಿಗೆ ಏಳನೇ ಕ್ಲಾಸು, ಆದರೆ ಪದವಿ ಆದವರು ಹಾಕುವಂತಿಲ್ಲ.

ಕನ್ನಡ ಮತ್ತು ಮಲಯಾಳ ಬಲ್ಲವರಿಗೆ ಎಂದು ಕಾಸರಗೋಡು ಜಿಲ್ಲೆಗೇ ಕರೆಯುವ ಕ್ಲರ್ಕ್ ಹುದ್ದೆಗಳು, ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ (ಹಿರಿಯ ಪ್ರಾಥಮಿಕ), ಹೈಸ್ಕೂಲ್ ಟೀಚರ್ ಹುದ್ದೆಗಳು ನಮಗೆ ಹತ್ತಿರದವು. ಪೈಪೋಟಿ ಕಡಿಮೆ, ಹುದ್ದೆಯೂ ಕಡಿಮೆ. ಇವನ್ನು ಹಾಕಿ, ಆದರೆ ಇವನ್ನೇ ನಂಬಿ ಕೂರಬೇಡಿ. ಜಿಲ್ಲಾವಾರು ಹುದ್ದೆಗೆ ಒಂದೇ ಜಿಲ್ಲೆಯಲ್ಲಿ ಅರ್ಜಿ ಹಾಕಬೇಕು ಎಂಬುದೂ ನೆನಪಿರಲಿ.

ಗಡಿಯಲ್ಲಿ ಇರುವುದರ ಲಾಭ ಕೇಂದ್ರದ ಕೆಲಸಗಳಲ್ಲಿ ಗೊತ್ತಾಗುತ್ತದೆ. ಕೇಂದ್ರದ ಸಿಬ್ಬಂದಿ ನೇಮಕ ಆಯೋಗವಾದ ಎಸ್‌ಎಸ್‌ಸಿಯಲ್ಲಿ ಕರ್ನಾಟಕ ಮತ್ತು ಕೇರಳ ಒಂದೇ ವಲಯ. ಅದರ ಎಂಟಿಎಸ್ (ಮಲ್ಟಿ ಟಾಸ್ಕಿಂಗ್ ಸ್ಟಾಫ್) ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅಂಗವಿಕಲರಿಗೆ ಅರ್ಜಿ ಶುಲ್ಕ ಇಲ್ಲ. ವಯಸ್ಸಿನಲ್ಲಿ 10 ವರ್ಷ ಸಡಿಲಿಕೆ, ಒಬಿಸಿಗೆ 13, ಪರಿಶಿಷ್ಟರಿಗೆ 15. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಪರೀಕ್ಷೆಯೇ ಇಲ್ಲ, ಹತ್ತನೇ ಕ್ಲಾಸಿನ ಅಂಕದ ಮೇಲೆ ಆಯ್ಕೆ. ಆದರೆ ಅಂಚೆಯ ಕೇರಳ ವೃತ್ತಕ್ಕೆ (ಸರ್ಕಲ್) ಮಲಯಾಳ ಓದಿರಬೇಕು. ಕನ್ನಡ ಮಾತ್ರ ಓದಿದವರು ಕರ್ನಾಟಕ ವೃತ್ತಕ್ಕೆ ಹಾಕಿ ಪುತ್ತೂರು, ಮಂಗಳೂರು ಕಡೆಯ ಊರು ಆರಿಸುವುದು ಒಳ್ಳೆಯದು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯಲ್ಲೂ ಹೀಗೆಯೇ, ಯಾವ ರಾಜ್ಯಕ್ಕೆ ಹಾಕುತ್ತೀರೋ ಆ ಭಾಷೆ ಬರಬೇಕು.

ಜಿಲ್ಲೆಯ ಒಳಗೇ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ), ಪೆರಿಯದ ಕೇಂದ್ರ ವಿಶ್ವವಿದ್ಯಾಲಯ, ಸೀತಾಂಗೋಳಿಯ ಎಚ್‌ಎಎಲ್ (ಹಿಂದುಸ್ತಾನ್ ಏರೊನಾಟಿಕ್ಸ್) ಇವೆ. ಇವೂ 4 ಶೇಕಡ ಮೀಸಲಾತಿ ಪಾಲಿಸಬೇಕಾದ ಸಂಸ್ಥೆಗಳೇ. ಇವು ಪಿಎಸ್‌ಸಿ ಮೂಲಕ ತೆಗೆದುಕೊಳ್ಳುವುದಿಲ್ಲ. ಅವರವರ ವೆಬ್‌ಸೈಟನ್ನೇ ನೋಡುತ್ತಿರಬೇಕು.

ಹಂತ 5: ಪಿಎಸ್‌ಸಿ ಪ್ರೊಫೈಲ್, ಅರ್ಜಿ, ಕನ್ಫರ್ಮೇಶನ್

ಪಿಎಸ್‌ಸಿಯ ತುಳಸಿ ಪೋರ್ಟಲಿನಲ್ಲಿ ಒಂದು ಸಲ ನೋಂದಣಿ ಮಾಡಿದರೆ ಆಯಿತು. ಒಬ್ಬರಿಗೆ ಒಂದೇ ಪ್ರೊಫೈಲ್. ಪಾಸ್‌ವರ್ಡ್ ಮರೆತುಹೋಯಿತು ಎಂದು ಎರಡನೆಯದು ಮಾಡಿದರೆ ಎರಡೂ ತೊಂದರೆಗೆ ಸಿಕ್ಕಿಕೊಳ್ಳುತ್ತವೆ. ಪಾಸ್‌ವರ್ಡ್ ಮರಳಿ ಪಡೆಯುವ ದಾರಿ ಪೋರ್ಟಲಿನಲ್ಲೇ ಇದೆ.

ಪ್ರೊಫೈಲಿನಲ್ಲಿ ಅಂಗವಿಕಲತೆಯ ಬಗೆ, ಶೇಕಡ, ಸರ್ಟಿಫಿಕೇಟಿನ ನಂಬರು ಮತ್ತು ದಿನ ತುಂಬಿ. ಇದನ್ನು ಅರ್ಜಿ ಹಾಕುವ ಮೊದಲೇ ಮಾಡಿ. ಅರ್ಜಿ ಹೋದ ಮೇಲೆ ಪ್ರೊಫೈಲ್ ತಿದ್ದಿದರೆ ಆ ಅರ್ಜಿಗೆ ಅದು ಸೇರುತ್ತದೆ ಎಂದುಕೊಳ್ಳಬೇಡಿ. ಅರ್ಜಿ ಹಾಕಿದ ಕೂಡಲೇ ಅದರ ಪ್ರಿಂಟ್ ತೆಗೆದು, ಅಂಗವಿಕಲರ ಸಾಲಿನಲ್ಲಿ "ಹೌದು" ಎಂದಿದೆಯಾ ನೋಡಿ. ಕೊನೆಯ ದಿನದ ಒಳಗೆ ತಪ್ಪು ಕಂಡರೆ ಅರ್ಜಿ ತೆಗೆದು ಮತ್ತೆ ಹಾಕಬಹುದು. ಆಮೇಲೆ ಕಷ್ಟ.

ಫೋಟೊದ ಕೆಳಗೆ ಹೆಸರು ಮತ್ತು ತೆಗೆದ ದಿನ ಇರಬೇಕು. ಪಿಎಸ್‌ಸಿಗೆ ಅರ್ಜಿ ಶುಲ್ಕ ಇಲ್ಲ. ಅಕ್ಷಯದವರ ಸೇವಾ ಶುಲ್ಕ ಬಿಟ್ಟರೆ ಬೇರೆ ಹಣ ಯಾರಾದರೂ ಕೇಳಿದರೆ ಅದು ಮೋಸ.

ಈಗ ಅತಿ ಹೆಚ್ಚು ಜನ ಎಡವುವ ಜಾಗ. ಅರ್ಜಿ ಹಾಕಿದರೆ ಪರೀಕ್ಷೆಗೆ ಸೀಟು ಸಿಕ್ಕಿತು ಎಂದಲ್ಲ. ಪರೀಕ್ಷೆಗೆ ಕೆಲವು ವಾರ ಮೊದಲು, "ನಾನು ಬರೆಯುತ್ತೇನೆ" ಎಂದು ಪ್ರೊಫೈಲಿಗೆ ಹೋಗಿ ಕನ್ಫರ್ಮೇಶನ್ ಕೊಡಬೇಕು. ಅದಕ್ಕೆ ಗಡುವು ಇರುತ್ತದೆ. ತಪ್ಪಿದರೆ ಅರ್ಜಿಯೇ ರದ್ದು. ಹಾಲ್ ಟಿಕೆಟ್ ಬರುವುದೇ ಇಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕಿದ್ದರೆ ಅದನ್ನೂ ಆ ಹೊತ್ತಿಗೇ ಆರಿಸಿ. ಸುಮ್ನೆ ಒತ್ತಿಕೊಂಡು ಹೋದರೆ ಮಲಯಾಳದ ಪತ್ರಿಕೆ ಕೈಗೆ ಬರುತ್ತದೆ. ವಾರಕ್ಕೊಮ್ಮೆ, ಭಾನುವಾರ ಅಂತ ಇಟ್ಟುಕೊಳ್ಳಿ, ಪ್ರೊಫೈಲ್ ತೆರೆದು ನೋಡುವ ಅಭ್ಯಾಸ ಮಾಡಿ. ಎಸ್‌ಎಂಎಸ್ ಬರುತ್ತದೆ ಎಂದು ಕಾಯಬೇಡಿ.

ಹಂತ 6: ಪರೀಕ್ಷೆಗೆ ಬರೆಯುವವರು, ಹೆಚ್ಚಿನ ಸಮಯ

ಕಣ್ಣು ಕಾಣದವರು, ಎರಡೂ ಕೈಗೆ ತೊಂದರೆ ಇರುವವರು, ಸೆರೆಬ್ರಲ್ ಪಾಲ್ಸಿ ಇರುವವರು ಬೇರೆಯವರಿಂದ ಉತ್ತರ ಬರೆಸಬಹುದು. ಹಾಗೆ ಬರೆದುಕೊಡುವವರಿಗೆ ಸ್ಕ್ರೈಬ್ ಎನ್ನುತ್ತಾರೆ. ಬೇರೆ ಬಗೆಯ ಅಂಗವಿಕಲತೆ ಇರುವವರಿಗೆ ಬರೆಯಲು ಆಗದಿದ್ದರೆ, ಹಾಗೆಂದು ಸರಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯಿಂದ ಬೇರೆಯೇ ಪತ್ರ ಬೇಕು. ಯುಡಿಐಡಿ ಕಾರ್ಡ್ ತೋರಿಸಿದರೆ ಸಾಲದು. ಕೇಂದ್ರದ ಪರೀಕ್ಷೆಗಳಲ್ಲಿ ಗಂಟೆಗೆ 20 ನಿಮಿಷ ಹೆಚ್ಚಿನ ಸಮಯ ಸಿಗುತ್ತದೆ.

ಸ್ಕ್ರೈಬನ್ನು ನೀವೇ ತರಬೇಕಾ, ಅವರು ಕೊಡುತ್ತಾರಾ, ಸ್ಕ್ರೈಬಿನ ಓದು ಎಷ್ಟಿರಬೇಕು ಎಂಬುದು ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ. ನೋಟಿಫಿಕೇಶನಿನಲ್ಲಿ ನೋಡಿ. ಎಲ್ಲಕ್ಕೂ ಒಂದು ಮಾತು ಸಮಾನ. ಮೊದಲೇ ಕೇಳಿರಬೇಕು. ಪರೀಕ್ಷೆಯ ದಿನ ಬೆಳಗ್ಗೆ ಶಾಲೆಯ ಬಾಗಿಲಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ. ಪ್ರಶ್ನೆಪತ್ರಿಕೆ ಕನ್ನಡದ್ದಾದರೆ, ಕನ್ನಡ ಓದಬಲ್ಲ ಸ್ಕ್ರೈಬ್ ಬೇಕು ಎಂದು ಕೋರಿಕೆಯಲ್ಲೇ ಬರೆಯಿರಿ. ಕನ್ನಡ ಬಾರದ ಸ್ಕ್ರೈಬ್ ಬಂದರೆ ಆ ಪರೀಕ್ಷೆ ಅಲ್ಲಿಗೇ ಮುಗಿದ ಹಾಗೆ.

ಪರೀಕ್ಷೆಯ ಕೋಣೆ ಮೇಲಿನ ಮಹಡಿಯಲ್ಲಿದ್ದರೆ ಹಿಂದಿನ ದಿನವೇ ಕೇಂದ್ರಕ್ಕೆ ಹೋಗಿ ಹೇಳಿ. ನೆಲಮಹಡಿಯಲ್ಲಿ ಕೂರಿಸುವುದು ದೊಡ್ಡ ವಿಷಯವೇನಲ್ಲ, ಅವರಿಗೆ ಗೊತ್ತಿರಬೇಕು ಅಷ್ಟೆ.

ಹಂತ 7: ರ‍್ಯಾಂಕ್ ಲಿಸ್ಟ್ ಮತ್ತು ವೆರಿಫಿಕೇಶನ್

ಪಿಎಸ್‌ಸಿ ಪಟ್ಟಿಯಲ್ಲಿ ಮುಖ್ಯ ಪಟ್ಟಿ, ಸಪ್ಲಿಮೆಂಟರಿ ಪಟ್ಟಿ (ಜಾತಿ ಮೀಸಲಾತಿಯವರದು), ಅಂಗವಿಕಲರ ಪಟ್ಟಿ ಎಂದು ಬೇರೆ ಬೇರೆ ಇರುತ್ತವೆ. ಕೊನೆಯ ತನಕ ಹುಡುಕಿ. ಮುಖ್ಯ ಪಟ್ಟಿಯಲ್ಲಿ ಇಲ್ಲ ಎಂದು ಮುಚ್ಚಿಟ್ಟವರಿದ್ದಾರೆ.

ವೆರಿಫಿಕೇಶನಿಗೆ ಮೂಲ ಕಾಗದಗಳೇ ಬೇಕು. ಜಾತಿ ಮತ್ತು ಅಂಗವಿಕಲತೆ ಎರಡೂ ಇದ್ದರೆ ಎರಡಕ್ಕೂ ಕಾಗದ ಕೊಡಿ. ಒಂದು ಇನ್ನೊಂದನ್ನು ತಳ್ಳಿಹಾಕುವುದಿಲ್ಲ. ಒಬಿಸಿಯವರು ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟನ್ನು (ಒಬಿಸಿಯ ಅನುಕೂಲಸ್ಥ ವರ್ಗಕ್ಕೆ ಸೇರಿಲ್ಲ ಎಂಬುದಕ್ಕೆ) ವಿಲೇಜ್ ಆಫೀಸಿನ ಮೂಲಕ ಮೊದಲೇ ಮಾಡಿಸಿಟ್ಟುಕೊಳ್ಳಿ.

ರ‍್ಯಾಂಕ್ ಲಿಸ್ಟಿನ ಆಯುಸ್ಸು ಹೆಚ್ಚೆಂದರೆ ಮೂರು ವರ್ಷ. ನಿಮ್ಮ ಸರದಿ ಎಲ್ಲಿಗೆ ಬಂತು, ಎಷ್ಟು ಹುದ್ದೆ ವರದಿಯಾಗಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. 30 ದಿನದ ಒಳಗೆ ಉತ್ತರ ಕೊಡಬೇಕು. ಯೋಗ್ಯರು ಸಿಗದೆ ಮೀಸಲು ಹುದ್ದೆ ಉಳಿದರೆ ಅದು ಮರುವರ್ಷಕ್ಕೆ ಹೋಗುತ್ತದೆ. ಆಗಲೂ ಆ ಗುಂಪಿನವರು ಸಿಗದಿದ್ದರೆ ಬೇರೆ ಅಂಗವಿಕಲ ಗುಂಪಿಗೆ ಕೊಡಬೇಕು. ಯಾವ ಅಂಗವಿಕಲರೂ ಸಿಗದಿದ್ದರೆ ಮಾತ್ರ ಸಾಮಾನ್ಯದವರಿಗೆ. ನೇರ ಸಾಮಾನ್ಯಕ್ಕೆ ಹಾಕಿದ್ದರೆ ಪ್ರಶ್ನೆ ಮಾಡಬಹುದು.

ಹಂತ 8: ಅಡ್ವೈಸ್ ಮೆಮೊ ಬಂದ ಮೇಲೆ

ಅಡ್ವೈಸ್ ಮೆಮೊ ಎಂದರೆ ನಿಮ್ಮನ್ನು ನೇಮಿಸಲು ಪಿಎಸ್‌ಸಿ ಶಿಫಾರಸು ಮಾಡಿದ ಪತ್ರ. ಬಂದಿದೆಯಾ ಎಂದು ಪ್ರೊಫೈಲಿನಲ್ಲಿ ನೋಡುತ್ತಿರಿ. ವಿಳಾಸ ಬದಲಾಗಿದ್ದರೆ ಪ್ರೊಫೈಲಿನಲ್ಲಿ ತಿದ್ದಿರಬೇಕು. ಅದರ ಬೆನ್ನಿಗೆ ಇಲಾಖೆಯ ನೇಮಕ ಆದೇಶ ಬರುತ್ತದೆ. ಸೇರಲು ಕೊಟ್ಟ ದಿನ ದಾಟಬೇಡಿ.

ಸೇರಿದ ಮೊದಲ ವಾರವೇ, ಕೆಲಸಕ್ಕೆ ಏನು ಸೌಕರ್ಯ ಬೇಕು ಎಂದು ಬರವಣಿಗೆಯಲ್ಲಿ ಕೊಡಿ. ಬಾಯಿಮಾತು ಬೇಡ. "ತೊಂದರೆ ಕೊಡುವುದು ಯಾಕೆ" ಎಂದು ಸುಮ್ಮನಿರುವುದು ನಮ್ಮವರ ಸ್ವಭಾವ. ಆರು ತಿಂಗಳು ಕಳೆದರೆ "ಇವನಿಂದ ಕೆಲಸ ಆಗುವುದಿಲ್ಲ" ಎಂಬ ಮಾತು ಶುರುವಾಗುತ್ತದೆ. ತೊಂದರೆ ನಿಜವಾಗಿ ಕುರ್ಚಿಯದ್ದೋ ಕಂಪ್ಯೂಟರಿನದ್ದೋ ಆಗಿರುತ್ತದೆ. ಅಗತ್ಯವಾದ ಸೌಕರ್ಯ ಒದಗಿಸುವುದು 2016ರ ಕಾಯಿದೆಯ 20ನೇ ಸೆಕ್ಷನ್ ಪ್ರಕಾರ ಕಚೇರಿಯ ಕರ್ತವ್ಯ.

ಬೇಡಿಕೆ ಸ್ಪಷ್ಟವಾಗಿರಲಿ. ನೆಲಮಹಡಿಯಲ್ಲಿ ಸೀಟು. ಗಾಲಿಕುರ್ಚಿ ಹೋಗುವ ಶೌಚಾಲಯ. ಕಂಪ್ಯೂಟರಿಗೆ, ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್. ಎನ್‌ವಿಡಿಎ ಎಂಬುದು ಪುಕ್ಕಟೆಯಾಗಿ ಸಿಗುತ್ತದೆ, ಹಾಗಾಗಿ "ಫಂಡ್ ಇಲ್ಲ" ಎಂಬ ಉತ್ತರಕ್ಕೆ ಜಾಗವಿಲ್ಲ. ಕಿವಿ ಕೇಳದವರು ಮೀಟಿಂಗಿನ ವಿಷಯ ಬರೆದುಕೊಡಿ ಎಂದು ಕೇಳಬಹುದು. "ಸೂಕ್ತ ಸೌಲಭ್ಯ ಒದಗಿಸಬೇಕಾಗಿ ವಿನಂತಿ" ಎಂದು ಮಾತ್ರ ಬರೆದರೆ ಏನೂ ಬರುವುದಿಲ್ಲ.

ಎಸ್‌ಎಸ್‌ಎಲ್‌ಸಿಯಲ್ಲಿ ಮಲಯಾಳ ಓದದವರು, ಪ್ರೊಬೇಶನ್ ಮುಗಿಯುವುದರೊಳಗೆ ಮಲಯಾಳ ಪರೀಕ್ಷೆ ಪಾಸಾಗಬೇಕಾ ಎಂದು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಬಡ್ತಿಯ ಮೀಸಲಾತಿಯೂ ಇದೆ. ಕೇರಳದ್ದೇ ಒಂದು ಕೇಸಿನಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತ ಮಾಡಿದೆ.

ಈಗಾಗಲೇ ಕೆಲಸದಲ್ಲಿದ್ದು ಅಪಘಾತವೋ ಕಾಯಿಲೆಯೋ ಆಗಿ ಅಂಗವಿಕಲರಾದವರಿಗೂ ಒಂದು ಮಾತು. ರಾಜೀನಾಮೆ ಬರೆಯಬೇಡಿ. ಸರಕಾರಿ ನೌಕರರನ್ನು ಆ ಕಾರಣಕ್ಕೆ ತೆಗೆಯುವಂತಿಲ್ಲ, ಕೆಳಗಿನ ಹುದ್ದೆಗೆ ಇಳಿಸುವಂತಿಲ್ಲ. ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು.

ಹಂತ 9: ತಡೆ ಬಂದರೆ

ಮೊದಲು ಆ ಕಚೇರಿಗೇ ಬರೆಯಿರಿ. ಸರಕಾರಿ ಸಂಸ್ಥೆಗಳಲ್ಲಿ ಅಂಗವಿಕಲರ ದೂರು ಕೇಳುವ ಅಧಿಕಾರಿಯನ್ನು ನೇಮಿಸಿರಬೇಕು. ದೂರು ನೋಂದಾಯಿಸಿ ಎರಡು ವಾರದೊಳಗೆ ವಿಚಾರಣೆ ಆಗಬೇಕು ಎಂದು 23ನೇ ಸೆಕ್ಷನ್ ಹೇಳುತ್ತದೆ. ಸಮಾಧಾನ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು.

ಅಲ್ಲೂ ಆಗದಿದ್ದರೆ ರಾಜ್ಯದ ಹುದ್ದೆಗಳಿಗೆ ತಿರುವನಂತಪುರದಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರು, ಕೇಂದ್ರದ ಹುದ್ದೆಗಳಿಗೆ ದೆಹಲಿಯ ಮುಖ್ಯ ಆಯುಕ್ತರು. ಆಯುಕ್ತರು ಶಿಫಾರಸು ಮಾಡಿದರೆ ಇಲಾಖೆ ಮೂರು ತಿಂಗಳೊಳಗೆ ಏನು ಮಾಡಿತು ಎಂದು ತಿಳಿಸಬೇಕು.

ದೂರಿನಲ್ಲಿ ಭಾವನೆಗಿಂತ ತಾರೀಕು ಮುಖ್ಯ. ಯಾವ ಹುದ್ದೆ, ಕೆಟಗರಿ ನಂಬರ್ ಏನು, ನಿಮ್ಮ ರ‍್ಯಾಂಕ್ ಎಷ್ಟು, ಯಾವ ದಿನ ಯಾವ ಪತ್ರ ಕೊಟ್ಟಿರಿ, ಏನು ಉತ್ತರ ಬಂತು, ಈಗ ಏನು ಆಗಬೇಕು. ಒಂದೂವರೆ ಪುಟ ಸಾಕು. ಜೊತೆಗೆ ಸರ್ಟಿಫಿಕೇಟ್, ಅರ್ಜಿಯ ಪ್ರಿಂಟ್ ಮತ್ತು ಹಿಂದಿನ ಪತ್ರಗಳ ನಕಲು. ಮೂಲ ಪ್ರತಿ ಯಾರಿಗೂ ಕೊಡಬೇಡಿ.

ರಾಜ್ಯದ ಕಚೇರಿಗಳಿಗೆ ದೂರನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಆಡಳಿತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ಕೆಲಸ ಬೇಗ ಆಗಬೇಕು ಎಂದಿದ್ದರೆ ಇಂಗ್ಲಿಷಿನ ಒಂದು ಪ್ರತಿಯನ್ನೂ ಜೊತೆಗೆ ಇಡುವುದು ಒಳ್ಳೆಯದು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಅದೇ ಫೈಲಿನಲ್ಲಿ ಪಿನ್ ಮಾಡಿ ಇಡಿ.